ಅಜ್ಜಿಯ ಪುಡಿಂಗು: ಒಂದು ಪಾಕದ ವಂಶಾವಳಿ

ನವೆಂಬರ್ ತಿಂಗಳ ಕೊನೆಯ ದಿನಗಳಲ್ಲಿ, ಕ್ರೈಸ್ತರ ಆಗಮನಕಾಲ ಮೊದಲಾಗುವುದಕ್ಕೆ ಮುಂಚೆ ಬರುವ ಭಾನುವಾರದಂದು, ಇಂಗ್ಲೆಂಡಿನ ಹಲವು ಮನೆಗಳಲ್ಲಿ ಒಂದು ದೊಡ್ಡ ಬೋಗುಣಿ ಕಪಾಟಿನಿಂದ ಕೆಳಗಿಳಿಯುತ್ತದೆ. ಅದರೊಳಗೆ ಮೂರು ಬಗೆಯ ಒಣದ್ರಾಕ್ಷಿ, ಸಕ್ಕರೆ, ರೊಟ್ಟಿಯ ಪುಡಿ, ಕೊಬ್ಬು, ಮೊಟ್ಟೆ, ಸಕ್ಕರೆಪಾಕದಲ್ಲಿ ನೆನೆದ ಕಿತ್ತಳೆ ಸಿಪ್ಪೆ, ಜಾಯಿಕಾಯಿ, ದಾಲ್ಚಿನ್ನಿ, ಒಂದಿಷ್ಟು ಬ್ರಾಂದಿ ಬೀಳುತ್ತವೆ. ಮನೆಯವರೆಲ್ಲ ಒಬ್ಬೊಬ್ಬರಾಗಿ ಬಂದು ಮರದ ಸೌಟನ್ನು ಹಿಡಿದು ಒಂದು ಸುತ್ತು ತಿರುಗಿಸುತ್ತಾರೆ. ತಿರುಗಿಸುವಾಗ ಮನಸ್ಸಿನಲ್ಲಿ ಏನಾದರೂ ಬೇಡಿಕೊಳ್ಳಬೇಕು. ಬೇಡಿಕೊಂಡದ್ದನ್ನು ಯಾರಿಗೂ ಹೇಳಬಾರದು. ಸೌಟು ಪೂರ್ವದಿಂದ ಪಶ್ಚಿಮಕ್ಕೆ ಚಲಿಸಬೇಕು, ಏಕೆಂದರೆ ಶಿಶು ಏಸುವನ್ನು ಕಾಣಲು ಬಂದ ಜ್ಞಾನಿಗಳು ನಡೆದ ದಾರಿ ಅದು. ಬೇಯಿಸಿದ ಮೇಲೆ ಅದನ್ನು ಕಟ್ಟಿ ತಂಪಾದ ಜಾಗದಲ್ಲಿಟ್ಟರೆ ಕ್ರಿಸ್‌ಮಸ್ ದಿನದವರೆಗೆ ಯಾರೂ ಮುಟ್ಟುವುದಿಲ್ಲ. ಇದೇ ಕ್ರಿಸ್‌ಮಸ್ ಪುಡಿಂಗ್. ಹಳೆಯ ಹೆಸರು ಪ್ಲಮ್ ಪುಡಿಂಗ್. ನಮ್ಮ ಮಾತಿನಲ್ಲಿ ಹೇಳುವುದಾದರೆ, ಒಣಹಣ್ಣಿನ ಒಂದು ದೊಡ್ಡ ಕಡುಬು.

ಇಂದು ಅದನ್ನು ಅಂಗಡಿಯಿಂದ ಕೊಂಡು ತರುವವರೂ ಬಹಳ ಮಂದಿ. ಆದರೆ ಮನೆಯಲ್ಲಿ ಮಾಡುವವರನ್ನು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: "ನಮ್ಮ ಅಜ್ಜಿ ಮಾಡುತ್ತಿದ್ದ ಹಾಗೆಯೇ ಮಾಡುತ್ತೇವೆ." ಅಜ್ಜಿಯನ್ನು ಕೇಳಿದ್ದರೆ ಆಕೆಯೂ ತನ್ನ ಅಜ್ಜಿಯ ಕಡೆಗೆ ಬೆರಳು ತೋರಿಸುತ್ತಿದ್ದಳು. ಹೀಗೆ ಹಿಂದೆ ಹಿಂದೆ ಹೋದರೆ ನಾವು ಯಾವ ಅಜ್ಜಿಯ ಬಳಿ ನಿಲ್ಲುತ್ತೇವೆ? ಈ ಪಾಕದ ಮೂಲ ಸ್ವರೂಪ ಏನು? ಇದರ ನಿಜವಾದ ವಂಶಾವಳಿಯಲ್ಲಿ ಯಾರು ಯಾರಿದ್ದಾರೆ? ಈ ಪ್ರಶ್ನೆಗಳನ್ನು ಇಂದು ಸ್ವಲ್ಪ ವಿಚಾರಿಸಿ ನೋಡೋಣ.

ಮೊದಲು ಹೆಸರನ್ನೇ ತೆಗೆದುಕೊಳ್ಳೋಣ. ಪ್ಲಮ್ ಪುಡಿಂಗಿನಲ್ಲಿ ಪ್ಲಮ್ ಹಣ್ಣು ಇರುವುದಿಲ್ಲ. ಹಿಂದಿನ ಇಂಗ್ಲಿಷಿನಲ್ಲಿ ಅಡುಗೆಯ ಮಾತು ಬಂದಾಗ 'ಪ್ಲಮ್' ಎಂದರೆ ಒಣದ್ರಾಕ್ಷಿ. ಆ ಅರ್ಥ ಬಳಕೆಯಿಂದ ಜಾರಿಹೋಯಿತು, ಹೆಸರು ಮಾತ್ರ ಉಳಿಯಿತು. ನಮಗೆ ಇದು ವಿಚಿತ್ರವಾಗಿ ತೋರಬೇಕಾಗಿಲ್ಲ. 'ಎಣ್ಣೆ' ಎಂಬ ಮಾತು 'ಎಳ್' ಮತ್ತು 'ನೆಯ್' ಸೇರಿ ಆದದ್ದು. ಎಳ್ಳಿನ ಜಿಡ್ಡು ಎಂಬುದು ಅದರ ಮೂಲಾರ್ಥ. ಆದರೂ ನಾವು ಕಡಲೆಕಾಯಿ ಎಣ್ಣೆ ಎನ್ನುತ್ತೇವೆ, ಕೊಬ್ಬರಿ ಎಣ್ಣೆ ಎನ್ನುತ್ತೇವೆ, ಯಾರಿಗೂ ಎಳ್ಳಿನ ನೆನಪಾಗುವುದಿಲ್ಲ. 'ಪುಡಿಂಗ್' ಎಂಬ ಮಾತಿನ ಗತಿಯೂ ಇಂಥದೇ. ಪ್ರಾಣಿಯ ಕರುಳಿನೊಳಗೆ ಮಾಂಸ, ಕೊಬ್ಬು, ಹಿಟ್ಟುಗಳನ್ನು ತುಂಬಿ ಬೇಯಿಸಿದ ತಿನಿಸಿಗೆ ಮೊದಲು ಆ ಹೆಸರಿತ್ತು. ಸಿಹಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಪದಾರ್ಥದ ಚರಿತ್ರೆಯೂ ಹೀಗೆಯೇ ಅನಿರೀಕ್ಷಿತವಾಗಿದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಇದು ಗಟ್ಟಿ ಕಡುಬಾಗಿರಲಿಲ್ಲ. ಬಟ್ಟಲಿನಲ್ಲಿ ಬಡಿಸುವ ಗಂಜಿಯಂಥ ಪಾಕವಾಗಿತ್ತು. ಮಾಂಸದ ರಸಕ್ಕೆ ಒಣದ್ರಾಕ್ಷಿ, ಮದ್ಯ, ಮಸಾಲೆಗಳನ್ನು ಸೇರಿಸಿ, ರೊಟ್ಟಿಯ ಪುಡಿಯಿಂದ ಮಂದ ಮಾಡಿ ಕುದಿಸುತ್ತಿದ್ದರು. ಚಳಿಗಾಲದ ಹಬ್ಬಕ್ಕೆ ಕಡಿದ ಪ್ರಾಣಿಯ ಮಾಂಸವೂ, ದೂರದೇಶದಿಂದ ಬಂದ ದುಬಾರಿ ಹಣ್ಣೂ ಒಂದೇ ಪಾತ್ರೆಯಲ್ಲಿ ಬೇಯುತ್ತಿದ್ದುವು. ಹದಿನೇಳನೆಯ ಶತಮಾನದಲ್ಲಿ ಒಂದು ಸಣ್ಣ ಉಪಾಯ ದೊಡ್ಡ ಬದಲಾವಣೆಯನ್ನು ತಂದಿತು. ಅದು ಪುಡಿಂಗಿನ ಬಟ್ಟೆ. ಒಂದು ಗಟ್ಟಿ ಬಟ್ಟೆಯನ್ನು ಕುದಿಯುವ ನೀರಿನಲ್ಲಿ ಅದ್ದಿ, ಹಿಂಡಿ, ಮೇಲೆ ಹಿಟ್ಟು ಉದುರಿಸಿ, ಅದರೊಳಗೆ ಕಲಸಿದ ಹೂರಣವನ್ನಿಟ್ಟು ಬಿಗಿಯಾಗಿ ಕಟ್ಟಿ ನೀರಿನಲ್ಲಿ ಬಿಡುವುದು. ಹಿಟ್ಟು ಬೆಂದು ಒಂದು ಪೊರೆಯಾಗುತ್ತದೆ. ನೀರು ಒಳಗೆ ನುಗ್ಗುವುದನ್ನು ತಡೆಯುತ್ತದೆ. ಪ್ರಾಣಿಯ ಕರುಳಿಗಾಗಿ ಕಾಯಬೇಕಾದ ಅಗತ್ಯ ಇಲ್ಲವಾಯಿತು. ಒಲೆಯೂ ಪಾತ್ರೆಯೂ ಇದ್ದ ಯಾವ ಮನೆಯಲ್ಲಾದರೂ ಪುಡಿಂಗ್ ಮಾಡಬಹುದಾಯಿತು. 1747ರಲ್ಲಿ ಅಚ್ಚಾದ ಹ್ಯಾನಾ ಗ್ಲಾಸ್ ಎಂಬಾಕೆಯ ಅಡುಗೆಯ ಪುಸ್ತಕದಲ್ಲಿ ಹಳೆಯ ಗಂಜಿಯೂ ಇದೆ, ಹೊಸ ಕಡುಬೂ ಇದೆ. ಅಜ್ಜಿಯೂ ಮೊಮ್ಮಗಳೂ ಒಂದೇ ಜಗಲಿಯಲ್ಲಿ ಕುಳಿತಂತೆ ಅವೆರಡೂ ಒಂದೇ ಗ್ರಂಥದಲ್ಲಿ ಕುಳಿತಿವೆ.

ಇದರ ನಡುವೆ ಒಂದು ರಾಜಕೀಯದ ಪ್ರಕರಣವೂ ಉಂಟು. ದೊರೆ ಒಂದನೆಯ ಚಾರ್ಲ್ಸನ ವಿರುದ್ಧ ಗೆದ್ದ ಪಾರ್ಲಿಮೆಂಟು 1647ರಲ್ಲಿ ಕ್ರಿಸ್‌ಮಸ್ ಮೊದಲಾದ ಹಬ್ಬಗಳನ್ನೇ ರದ್ದುಮಾಡಿತು. ಬೈಬಲಿನಲ್ಲಿ ಹೇಳದ ಹಬ್ಬ ಮೋಜಿಗೂ ಅನಾಚಾರಕ್ಕೂ ದಾರಿ ಎಂಬುದು ಪ್ಯೂರಿಟನ್ನರ ವಾದ. ಆ ವರ್ಷದ ಡಿಸೆಂಬರ್ 25ರಂದು ಕ್ಯಾಂಟರ್‌ಬರಿ ಪಟ್ಟಣದಲ್ಲಿ ಅಂಗಡಿಗಳನ್ನು ತೆರೆದಿಡಬೇಕೆಂದು ಮೇಯರ್ ಅಪ್ಪಣೆ ಮಾಡಿದಾಗ ಜನ ರೊಚ್ಚಿಗೆದ್ದರು. ಆ ಗಲಭೆಗೆ 'ಪ್ಲಮ್ ಪುಡಿಂಗ್ ದಂಗೆ' ಎಂಬ ಹೆಸರು ನಿಂತುಬಿಟ್ಟಿದೆ. 1660ರಲ್ಲಿ ಅರಸೊತ್ತಿಗೆ ಮರಳಿದಾಗ ಹಬ್ಬವೂ ಮರಳಿತು. ಪುಡಿಂಗನ್ನೇ ಹೆಸರಿಸಿ ಕಾನೂನು ನಿಷೇಧಿಸಿತ್ತು ಎಂದು ಕೆಲವರು ಹೇಳುವುದುಂಟು, ನಿಷೇಧವಾದದ್ದು ಹಬ್ಬ. 1714ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಜಾರ್ಜ್ ದೊರೆ ತನ್ನ ಮೊದಲ ಕ್ರಿಸ್‌ಮಸ್ ಊಟಕ್ಕೆ ಪುಡಿಂಗನ್ನು ಕೇಳಿ ತರಿಸಿಕೊಂಡ, ಆದ್ದರಿಂದ ಆತ 'ಪುಡಿಂಗ್ ದೊರೆ' ಎಂಬ ಕಥೆಯೂ ಇಂಥದೇ. ಅವನ ಕಾಲದ ದಾಖಲೆಗಳು ಅದನ್ನು ಹೇಳುವುದಿಲ್ಲ. ಕಥೆ ಹಬ್ಬಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಹದಿಮೂರು ಪದಾರ್ಥಗಳಿರಬೇಕು, ಅವು ಏಸು ಮತ್ತು ಅವನ ಹನ್ನೆರಡು ಶಿಷ್ಯರ ಸಂಕೇತ ಎಂಬ ಮಾತೂ ತಿನಿಸು ಹಳತಾದ ಮೇಲೆ ಅಂಟಿಕೊಂಡ ಅರ್ಥ. ಕಲಸುವ ಭಾನುವಾರದ ಕಥೆಯಂತೂ ಸ್ವಾರಸ್ಯವಾದದ್ದು. 1549ರ ಪ್ರಾರ್ಥನಾ ಗ್ರಂಥದಲ್ಲಿ ಆ ಭಾನುವಾರ ಓದಬೇಕಾದ ಪ್ರಾರ್ಥನೆ 'ಸ್ಟಿರ್ ಅಪ್' ಎಂಬ ಮಾತುಗಳಿಂದ ಮೊದಲಾಗುತ್ತದೆ. ಭಕ್ತರ ಮನಸ್ಸನ್ನು ಸತ್ಕಾರ್ಯಕ್ಕೆ ಎಚ್ಚರಿಸು ಎಂದು ದೇವರಲ್ಲಿ ಬೇಡುವ ಪ್ರಾರ್ಥನೆ ಅದು. ಆ ಮಾತಿಗೆ ಕಲಕು ಎಂಬ ಅರ್ಥವೂ ಉಂಟಷ್ಟೆ. ಗುಡಿಯಲ್ಲಿ ಕೇಳಿದ್ದನ್ನು ಗೃಹಿಣಿಯರು ಅಡುಗೆಮನೆಯ ಜ್ಞಾಪಕಪತ್ರವಾಗಿ ಮಾಡಿಕೊಂಡರು. ಶ್ಲೇಷೆ ಒಂದು ಆಚಾರವನ್ನೇ ಹುಟ್ಟಿಸಿತು.

ಹಾಗಾದರೆ ಇದು ಇಂದು ನಾವು ಕಾಣುವ ಮನೆತನದ ಪಾಕವಾದದ್ದು ಯಾವಾಗ? ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಎನ್ನಬೇಕು. 1843ರ ಡಿಸೆಂಬರಿನಲ್ಲಿ ಚಾರ್ಲ್ಸ್ ಡಿಕನ್ಸ್ 'ಎ ಕ್ರಿಸ್‌ಮಸ್ ಕ್ಯಾರಲ್' ಎಂಬ ಚಿಕ್ಕ ಪುಸ್ತಕವನ್ನು ಪ್ರಕಟಿಸಿದ. ಅದರಲ್ಲಿ ಬಡ ಗುಮಾಸ್ತ ಬಾಬ್ ಕ್ರಾಚಿಟ್‌ನ ಮನೆಯ ಹಬ್ಬದ ಊಟ ಬರುತ್ತದೆ. ಬಟ್ಟೆ ಒಗೆಯಲು ನೀರು ಕಾಯಿಸುವ ತಾಮ್ರದ ಹಂಡೆಯಲ್ಲಿಯೇ ಅವರ ಪುಡಿಂಗ್ ಬೇಯುತ್ತದೆ. ತಾಯಿಗೆ ಒಂದೇ ಆತಂಕ: ಸರಿಯಾಗಿ ಬೆಂದಿದೆಯೋ ಇಲ್ಲವೋ, ಹೊರಗೆ ತೆಗೆಯುವಾಗ ಒಡೆದರೇನು ಗತಿ! ಕೊನೆಗೆ ಅದು ಬ್ರಾಂದಿಯ ಉರಿಯೊಂದಿಗೆ ಮೇಜಿಗೆ ಬಂದಾಗ ಎಲ್ಲರೂ ಹೊಗಳುತ್ತಾರೆ. ಅಷ್ಟು ದೊಡ್ಡ ಸಂಸಾರಕ್ಕೆ ಅದು ಚಿಕ್ಕದಾಯಿತು ಎಂದು ಯಾರೂ ಆಡುವುದಿಲ್ಲ. ಹಾಗೆ ಸೂಚಿಸುವುದಕ್ಕೂ ಅವರಿಗೆ ನಾಚಿಕೆ. ಈ ಮೌನದಲ್ಲಿ ಆ ಕುಟುಂಬದ ಮರ್ಯಾದೆಯೆಲ್ಲ ಇದೆ. ಗಂಜಿಯಾಗಿದ್ದ ಒಂದು ಪಾಕ ಮನೆತನದ ಮಾನವಾಗಿ ಮಾರ್ಪಟ್ಟ ಗಳಿಗೆ ಅದು.

ಎರಡು ವರ್ಷಗಳ ಬಳಿಕ, 1845ರಲ್ಲಿ, ಎಲೈಜಾ ಆಕ್ಟನ್ ಎಂಬಾಕೆ ಖಾಸಗಿ ಕುಟುಂಬಗಳಿಗಾಗಿ ಒಂದು ಪಾಕಗ್ರಂಥವನ್ನು ಹೊರತಂದಳು. ಈಕೆ ಮೂಲತಃ ಕವಯಿತ್ರಿ. 1826ರಲ್ಲಿಯೇ ತನ್ನ ಪದ್ಯಗಳ ಸಂಗ್ರಹವನ್ನು ಪ್ರಕಟಿಸಿದ್ದವಳು. ಪದ್ಯಗಳನ್ನು ಲೋಕ ಮರೆತಿದೆ, ಪಾಕವನ್ನು ಮರೆತಿಲ್ಲ. 'ಕ್ರಿಸ್‌ಮಸ್ ಪುಡಿಂಗ್' ಎಂಬ ಹೆಸರು ಅಚ್ಚಿನಲ್ಲಿ ನೆಲೆಗೊಂಡದ್ದು ಈಕೆಯ ಪುಸ್ತಕದಿಂದ. ಆಕೆಯ ಅಳತೆ ಹೀಗಿದೆ: ಹಿಟ್ಟು ಮತ್ತು ರೊಟ್ಟಿಯ ಪುಡಿ ತಲಾ 3 ಔನ್ಸ್, ದನದ ಮೂತ್ರಪಿಂಡದ ಸುತ್ತ ಇರುವ ಗಟ್ಟಿ ಕೊಬ್ಬು, ದೊಡ್ಡ ಒಣದ್ರಾಕ್ಷಿ, ಚಿಕ್ಕ ಕಪ್ಪು ದ್ರಾಕ್ಷಿ ತಲಾ 6 ಔನ್ಸ್, ಹೆಚ್ಚಿದ ಸೇಬು 4 ಔನ್ಸ್, ಸಕ್ಕರೆ 5 ಔನ್ಸ್, ಕಿತ್ತಳೆ ಸಿಪ್ಪೆ 2 ಔನ್ಸ್, ಸ್ವಲ್ಪ ಜಾಯಿಕಾಯಿ ಮತ್ತು ಜಾಪತ್ರೆ, ಚಿಟಿಕೆ ಉಪ್ಪು, ಚಿಕ್ಕ ಲೋಟ ಬ್ರಾಂದಿ, 3 ಮೊಟ್ಟೆ. ಬಟ್ಟೆಯಲ್ಲಿ ಕಟ್ಟಿ ಮೂರೂವರೆ ಗಂಟೆ ಕುದಿಸಬೇಕು. ಒಂದು ಔನ್ಸ್ ಎಂದರೆ ಸುಮಾರು 28 ಗ್ರಾಂ ಎಂದಿಟ್ಟುಕೊಂಡರೆ ಇದು ಒಂದು ಸಾಧಾರಣ ಸಂಸಾರಕ್ಕೆ ಸಾಕಾಗುವ ಪಾಕ.

ಈ ಪಾಕದ ಕ್ರಮದಲ್ಲಿ ಒಂದೊಂದಕ್ಕೂ ಕಾರಣ ಉಂಟು. ಆ ಗಟ್ಟಿ ಕೊಬ್ಬು ಬೆಣ್ಣೆಗಿಂತ ನಿಧಾನವಾಗಿ ಕರಗುತ್ತದೆ. ಸುತ್ತಲ ಹಿಟ್ಟು ಬೆಂದು ಗಟ್ಟಿಯಾಗತೊಡಗಿದ ಮೇಲೆ ಅದು ಕರಗಿ ತನ್ನ ಜಾಗದಲ್ಲಿ ಸಣ್ಣ ಸಣ್ಣ ತೆರವುಗಳನ್ನು ಬಿಡುತ್ತದೆ; ಆದ್ದರಿಂದ ಇಷ್ಟು ಭಾರದ ಪದಾರ್ಥ ಕಲ್ಲಾಗದೆ ಮಿದುವಾಗಿರುತ್ತದೆ. ಇಂದು ಸಸ್ಯಜನ್ಯ ಕೊಬ್ಬನ್ನು ಬಳಸುವವರೂ ಇದೇ ಗುಣಕ್ಕಾಗಿ ಅದನ್ನು ಗಟ್ಟಿಯಾಗಿ ಆರಿಸುತ್ತಾರೆ. ಬಹಳ ಹೊತ್ತು ಹಬೆಯಲ್ಲಿದ್ದಷ್ಟೂ ಬಣ್ಣ ಕಪ್ಪಾಗುತ್ತದೆ, ರುಚಿ ಆಳವಾಗುತ್ತದೆ. ಆದ್ದರಿಂದ ಈಗಿನ ಗೃಹಿಣಿಯರು ಬಟ್ಟೆಯ ಬದಲು ಪಿಂಗಾಣಿಯ ಬಟ್ಟಲಿನಲ್ಲಿಟ್ಟು ಆರೆಂಟು ಗಂಟೆ ಬೇಯಿಸುವುದುಂಟು. ಸಕ್ಕರೆ ಮತ್ತು ಒಣಹಣ್ಣು ಹೆಚ್ಚಾಗಿ, ನೀರಿನ ಅಂಶ ಕಡಿಮೆಯಾಗಿ, ಮದ್ಯವೂ ಸೇರಿರುವುದರಿಂದ ಅದು ವಾರಗಟ್ಟಲೆ, ಕೆಲವು ಮನೆಗಳಲ್ಲಿ ವರ್ಷದವರೆಗೂ ಕೆಡದೆ ಉಳಿಯುತ್ತದೆ. ನಮ್ಮ ಉಪ್ಪಿನಕಾಯಿಯ ಜಾಡಿಯಂತೆ ಇದೂ ಕಾಲವನ್ನು ಒಂದು ಪದಾರ್ಥವಾಗಿ ಬಳಸಿಕೊಳ್ಳುವ ಪಾಕ. ಹಬ್ಬದ ದಿನ ಮತ್ತೆ ಎರಡು ಗಂಟೆ ಹಬೆಗಿಟ್ಟು, ತಟ್ಟೆಗೆ ಮಗುಚಿ, ಬೆಚ್ಚಗೆ ಮಾಡಿದ ಬ್ರಾಂದಿಯನ್ನು ಸುರಿದು ದೀಪ ಮುಟ್ಟಿಸುತ್ತಾರೆ. ನೀಲಿ ಜ್ವಾಲೆ ಒಂದು ಕ್ಷಣ ಆಡಿ ಆರುತ್ತದೆ.

ಇಷ್ಟಾದ ಮೇಲೆ ಆ ಬೋಗುಣಿಯೊಳಗೆ ಇನ್ನೊಮ್ಮೆ ಇಣುಕಿ ನೋಡಬೇಕು. ಅಜ್ಜಿಯ ಪುಡಿಂಗಿನಲ್ಲಿ ಆಕೆಯ ಊರಿನಲ್ಲಿ ಬೆಳೆದದ್ದು ಎಷ್ಟು? ಹಿಟ್ಟು, ಕೊಬ್ಬು, ಮೊಟ್ಟೆ, ಸೇಬು. ಮಿಕ್ಕದ್ದೆಲ್ಲ ಹಡಗಿನಲ್ಲಿ ಬಂದದ್ದು. ಚಿಕ್ಕ ಕಪ್ಪು ದ್ರಾಕ್ಷಿಯ ಇಂಗ್ಲಿಷ್ ಹೆಸರಾದ 'ಕರಂಟ್' ಗ್ರೀಸಿನ ಕಾರಿಂತ್ ಪಟ್ಟಣದ ಹೆಸರಿನ ಅಪಭ್ರಂಶ. ದೊಡ್ಡ ದ್ರಾಕ್ಷಿ ಸ್ಪೇನಿನದು. ದಾಲ್ಚಿನ್ನಿ ಸಿಂಹಳದ್ದು. ಜಾಯಿಕಾಯಿಯ ತವರು ಇಂಡೊನೇಷ್ಯದ ಪುಟ್ಟ ಬಾಂದಾ ದ್ವೀಪಗಳು. ಆ ಒಂದು ಕಾಯಿಯ ವ್ಯಾಪಾರವನ್ನು ತನ್ನ ಮುಷ್ಟಿಯಲ್ಲಿಟ್ಟುಕೊಳ್ಳಲು ಡಚ್ಚರ ಈಸ್ಟ್ ಇಂಡಿಯಾ ಕಂಪನಿ 1621ರಲ್ಲಿ ಅಲ್ಲಿನ ಜನರಲ್ಲಿ ಬಹುಭಾಗವನ್ನು ಕೊಂದಿತು, ಇಲ್ಲವೇ ಗುಲಾಮರನ್ನಾಗಿ ಸಾಗಿಸಿತು.

ಸಕ್ಕರೆಯ ಕಥೆ ಇನ್ನೂ ಕಹಿ. ಹದಿನೇಳನೆಯ ಶತಮಾನದವರೆಗೆ ಶ್ರೀಮಂತರ ಪದಾರ್ಥವಾಗಿದ್ದ ಸಕ್ಕರೆ ಗುಮಾಸ್ತನ ಮನೆಗೂ ಬರುವಷ್ಟು ಅಗ್ಗವಾದದ್ದು ಕೆರಿಬಿಯನ್ ತೋಟಗಳಲ್ಲಿ ಆಫ್ರಿಕದಿಂದ ಹೊತ್ತು ತಂದ ಗುಲಾಮರ ದುಡಿಮೆಯಿಂದ. ಇಂಗ್ಲೆಂಡಿನಲ್ಲಿ ಇದನ್ನು ಕಂಡು ತಳಮಳಿಸಿದವರೂ ಇದ್ದರು. 1791ರಲ್ಲಿ ವಿಲಿಯಂ ಫಾಕ್ಸ್ ಎಂಬಾತ ವೆಸ್ಟ್ ಇಂಡೀಸಿನ ಸಕ್ಕರೆಯನ್ನು ತ್ಯಜಿಸಬೇಕೆಂದು ಒಂದು ಕರಪತ್ರ ಬರೆದ. ಸುಮಾರು 3 ಲಕ್ಷ ಜನ ಸಕ್ಕರೆ ಬಿಟ್ಟರೆಂದು ಆ ಚಳವಳಿಯ ಮುಂದಾಳು ಥಾಮಸ್ ಕ್ಲಾರ್ಕ್‌ಸನ್ ಅಂದಾಜು ಮಾಡಿದ್ದಾನೆ. ಮತದಾನದ ಹಕ್ಕಿಲ್ಲದ ಹೆಂಗಸರು ತಮ್ಮ ಅಡುಗೆಮನೆಯಿಂದಲೇ ರಾಜಕೀಯವನ್ನು ನಡೆಸಿದ ಪ್ರಸಂಗ ಅದು. ಪುಡಿಂಗ್ ಮಾಡುವ ಕೈಗಳೇ ಪುಡಿಂಗಿನೊಳಗಿನ ಅನ್ಯಾಯವನ್ನು ಗುರುತಿಸಿದ್ದುವು. 1833ರಲ್ಲಿ ಗುಲಾಮಗಿರಿಯನ್ನು ನಿಲ್ಲಿಸುವ ಕಾನೂನಾಯಿತು. ಪರಿಹಾರವೆಂದು 2 ಕೋಟಿ ಪೌಂಡ್ ಕೊಟ್ಟರು. ಕೊಟ್ಟದ್ದು ಒಡೆಯರಿಗೆ, ದುಡಿದವರಿಗಲ್ಲ.

ಈ ಕಥೆ ನಮ್ಮ ದೇಶವನ್ನು ಮುಟ್ಟುವುದು ಇಲ್ಲಿ. ಗುಲಾಮರು ಬಿಟ್ಟ ಕಬ್ಬಿನ ಗದ್ದೆಗಳಿಗೆ ಹೊಸ ಕೈಗಳು ಬೇಕಾದುವು. 1838ರಲ್ಲಿ 'ವಿಟ್‌ಬಿ' ಮತ್ತು 'ಹೆಸ್ಪೆರಸ್' ಎಂಬ ಎರಡು ಹಡಗುಗಳು ಕಲ್ಕತ್ತೆಯಿಂದ ಕರಾರು ಕೂಲಿಗಳನ್ನು ಹೊತ್ತು ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನವನ್ನು ತಲಪಿದುವು. 1917ರವರೆಗೆ ಅದೊಂದೇ ವಸಾಹತಿಗೆ ಸುಮಾರು 2 ಲಕ್ಷ 39 ಸಾವಿರ ಭಾರತೀಯರು ಹೋದರು. ಹೆಚ್ಚಿನವರು ಭೋಜ್‌ಪುರಿ ಸೀಮೆಯವರು. ಮದರಾಸಿನ ಬಂದರಿನಿಂದ ಹೋದವರೂ ಉಂಟು. ಆ ವಸಾಹತಿನ ಒಂದು ನದಿಯ ಹೆಸರು ಡೆಮೆರಾರಾ. ಅದರ ಹೆಸರಿನ ಕಂದು ಸಕ್ಕರೆಯೇ ಇಂಗ್ಲೆಂಡಿನ ಅಜ್ಜಿಯರು ಪುಡಿಂಗಿಗೆ ಮೆಚ್ಚಿದ ಸಕ್ಕರೆ.

1805ರಲ್ಲಿ ಜೇಮ್ಸ್ ಗಿಲ್ರೇ ಎಂಬ ವ್ಯಂಗ್ಯಚಿತ್ರಕಾರ ಇಂಗ್ಲೆಂಡಿನ ಪ್ರಧಾನಿ ಪಿಟ್ ಮತ್ತು ಫ್ರಾನ್ಸಿನ ನೆಪೋಲಿಯನ್ ಎದುರುಬದುರು ಕುಳಿತು ಭೂಗೋಳವನ್ನೇ ಒಂದು ಪ್ಲಮ್ ಪುಡಿಂಗಿನಂತೆ ಕೊಯ್ದು ಹಂಚಿಕೊಳ್ಳುವ ಚಿತ್ರ ಬರೆದಿದ್ದ. ಅವನದು ಪರಿಹಾಸ್ಯ. ಆದರೆ 1926ರಲ್ಲಿ ಸ್ಥಾಪಿತವಾದ ಎಂಪೈರ್ ಮಾರ್ಕೆಟಿಂಗ್ ಬೋರ್ಡು ಅದನ್ನೇ ಗಂಭೀರವಾಗಿ ಮಾಡಿತು. 1927ರಲ್ಲಿ ಅರಮನೆಯ ಬಾಣಸಿಗ ಸೆಡಾರ್ ಕೊಟ್ಟ ಪಾಕವನ್ನು 'ಸಾಮ್ರಾಜ್ಯದ ಕ್ರಿಸ್‌ಮಸ್ ಪುಡಿಂಗ್' ಎಂದು ಪ್ರಚಾರ ಮಾಡಿದರು. ಪ್ರತಿಯೊಂದು ಪದಾರ್ಥದ ಮುಂದೆ ಒಂದು ದೇಶದ ಹೆಸರು: ಚಿಕ್ಕ ದ್ರಾಕ್ಷಿಗೆ ಆಸ್ಟ್ರೇಲಿಯ, ದೊಡ್ಡ ದ್ರಾಕ್ಷಿಗೆ ದಕ್ಷಿಣ ಆಫ್ರಿಕ, ಸೇಬಿಗೆ ಕೆನಡ, ದಾಲ್ಚಿನ್ನಿಗೆ ಸಿಂಹಳ, ಲವಂಗಕ್ಕೆ ಜಾಂಜಿಬಾರ್, ರಮ್ಮಿಗೆ ಜಮೈಕ. ಭಾರತದ ಪಾಲಿಗೆ ಬಂದದ್ದು 'ಪುಡಿಂಗ್ ಮಸಾಲೆ', ಎಲ್ಲಕ್ಕಿಂತ ಕಡಿಮೆ ತೂಗುವ ಪದಾರ್ಥಗಳಲ್ಲೊಂದು. ಸಕ್ಕರೆಯ ಸಾಲಿನಲ್ಲಿ ಭಾರತದ ಹೆಸರಿರಲಿಲ್ಲ. ಆದರೆ ಆ ಸಕ್ಕರೆಯ ಗದ್ದೆಗಳನ್ನು ಮೂರು ತಲೆಮಾರು ಕಾಲ ಕೊಯ್ದ ಕೈಗಳಲ್ಲಿ ಬಹುಪಾಲು ನಮ್ಮ ದೇಶದವು. ಪಟ್ಟಿಯಲ್ಲಿ ದೇಶಗಳಿಗೆ ಜಾಗವಿತ್ತು, ಮನುಷ್ಯರಿಗೆ ಇರಲಿಲ್ಲ.

ಇದನ್ನೆಲ್ಲ ತಿಳಿದ ಮೇಲೆ ಅಜ್ಜಿಯ ಪುಡಿಂಗಿನ ಮೇಲೆ ಮುನಿಸಿಕೊಳ್ಳಬೇಕೆ? ಹಾಗೆ ನನಗೆ ತೋರುವುದಿಲ್ಲ. ಸಾಮ್ರಾಜ್ಯ ತನ್ನ ಹೆಗ್ಗಳಿಕೆಗಾಗಿ ಬಳಸಿಕೊಂಡ ಅದೇ ತಿನಿಸು ಕಷ್ಟಕಾಲದಲ್ಲಿ ಮನುಷ್ಯರನ್ನು ಒಂದುಗೂಡಿಸಿದೆ ಎಂಬುದೂ ಚರಿತ್ರೆಯೇ. 1902ರ ಕ್ರಿಸ್‌ಮಸ್ ದಿನ ದಕ್ಷಿಣ ಧ್ರುವದ ಹಿಮದ ಬಯಲಿನಲ್ಲಿ ಸ್ಕಾಟ್, ವಿಲ್ಸನ್, ಶ್ಯಾಕಲ್‌ಟನ್ ಮೂವರು ಅರೆಹೊಟ್ಟೆಯಲ್ಲಿ ನಡೆಯುತ್ತಿದ್ದರು. ಶ್ಯಾಕಲ್‌ಟನ್ ತನ್ನ ಕಾಲುಚೀಲದೊಳಗೆ ಬಚ್ಚಿಟ್ಟುಕೊಂಡು ಬಂದಿದ್ದ ಒಂದು ಪುಟ್ಟ ಪ್ಲಮ್ ಪುಡಿಂಗನ್ನು ಆ ದಿನ ಹೊರತೆಗೆದ. ಗ್ರಾಂ ಗ್ರಾಂ ತೂಕವನ್ನು ಲೆಕ್ಕ ಹಾಕಿ ಎಳೆಯುವ ಪಯಣದಲ್ಲಿ ಆತ ಆ ಭಾರವನ್ನು ಹೊತ್ತದ್ದು ಹಸಿವಿಗಾಗಿಯೇ ಇರಲಾರದು. ಎರಡನೆಯ ಮಹಾಯುದ್ಧದಲ್ಲಿ 1940ರಿಂದ ಬ್ರಿಟನ್ನಿನಲ್ಲಿ ಪಡಿತರ ಜಾರಿಗೆ ಬಂತು. ಅದು ಪೂರ್ಣವಾಗಿ ಮುಗಿದದ್ದು 1954ರಲ್ಲಿ. ಒಣಹಣ್ಣು ಸಿಗದಾಗ, ಸಕ್ಕರೆ ಸಾಲದಾದಾಗ, ಗೃಹಿಣಿಯರು ಗಜ್ಜರಿಯನ್ನು ತುರಿದು ಸೇರಿಸಿದರು. ಅಜ್ಜಿಯ ಪಾಕದಲ್ಲಿ ಅರ್ಧ ಪದಾರ್ಥ ಇಲ್ಲದೆ ಹೋದರೂ ಅದನ್ನು ಅಜ್ಜಿಯ ಪುಡಿಂಗೆಂದೇ ಕರೆದರು. ಕರೆದದ್ದು ತಪ್ಪೂ ಅಲ್ಲ.

ಇನ್ನೊಂದು ಸಣ್ಣ ವಾಡಿಕೆ ಇದೆ. ಹೂರಣದೊಳಗೆ ಒಂದು ಬೆಳ್ಳಿಯ ನಾಣ್ಯವನ್ನು ಹುದುಗಿಸುತ್ತಾರೆ. ಅದು ಯಾರ ಪಾಲಿಗೆ ಬರುತ್ತದೆಯೋ ಅವರಿಗೆ ಅದೃಷ್ಟ. 1947ರಲ್ಲಿ ಬ್ರಿಟನ್ನಿನ ನಾಣ್ಯಗಳಿಂದ ಬೆಳ್ಳಿಯನ್ನು ತೆಗೆದುಹಾಕಿದರು. ಆ ಮೇಲೆ ಹಲವು ಮನೆಗಳಲ್ಲಿ ಹಳೆಯ ನಾಣ್ಯಗಳನ್ನು ಜೋಪಾನವಾಗಿ ಎತ್ತಿಟ್ಟು, ಗೆದ್ದ ಮಗುವಿಗೆ ಚಲಾವಣೆಯ ಕಾಸನ್ನು ಕೊಟ್ಟು ಬೆಳ್ಳಿಯದನ್ನು ಮರಳಿ ಪಡೆದು, ಮುಂದಿನ ವರ್ಷಕ್ಕೆ ಇಡುವ ಪದ್ಧತಿ ಬಂತು. ಪರಂಪರೆ ಎಂಬುದು ಕೆಲಸ ಮಾಡುವ ಬಗೆ ಈ ನಾಣ್ಯದಲ್ಲಿ ಚೆನ್ನಾಗಿ ಕಾಣುತ್ತದೆ. ಅದು ಪ್ರತಿವರ್ಷ ಹೊಸ ಹಿಟ್ಟಿನಲ್ಲಿ ಹುದುಗುತ್ತದೆ, ಹೊಸ ಕೈಗೆ ಸಿಗುತ್ತದೆ, ಮತ್ತೆ ಮನೆಗೆ ಮರಳುತ್ತದೆ.

ನಾವು ಮೊದಲು ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಮೂಲ ಸ್ವರೂಪವೆಂಬುದು ಈ ಪಾಕಕ್ಕೆ ಇಲ್ಲ. ಮಾಂಸದ ಗಂಜಿ ಕಡುಬಾಯಿತು, ಬಟ್ಟೆ ಬಟ್ಟಲಾಯಿತು, ದ್ರಾಕ್ಷಿ ಒಂದು ಕಾಲಕ್ಕೆ ಗಜ್ಜರಿಯೂ ಆಯಿತು. ಬದಲಾಗದೆ ಉಳಿದದ್ದು, ಎಲ್ಲರೂ ಒಂದು ಸುತ್ತು ಕಲಸಬೇಕು, ಎಲ್ಲರೂ ಕಾಯಬೇಕು, ಇರುವಷ್ಟನ್ನು ಎಲ್ಲರಿಗೂ ಹಂಚಬೇಕು ಎಂಬ ಮನೆಯ ಒಪ್ಪಂದ. ಅಜ್ಜಿ ಮೊಮ್ಮಗಳಿಗೆ ಕೊಟ್ಟದ್ದು ಅದನ್ನು.

ಆದರೆ ವಂಶಾವಳಿಯನ್ನು ಬರೆಯುವವರು ಅಜ್ಜಿಯರ ಹೆಸರಿಗೇ ನಿಲ್ಲಿಸಬಾರದು. ಬಾಂದಾ ದ್ವೀಪದ ಜಾಯಿಕಾಯಿಯ ತೋಟದವರು, ಕೆರಿಬಿಯನ್ನಿನ ಗುಲಾಮರು, ಡೆಮೆರಾರಾ ದಂಡೆಯ ಕಬ್ಬಿನ ಗದ್ದೆಯಲ್ಲಿ ಊರಿನ ದಾರಿ ಮರೆತ ನಮ್ಮ ಕೂಲಿಗಳು ಇವರೂ ಆ ಪುಡಿಂಗಿನ ಪೂರ್ವಿಕರೇ. ಕ್ರಾಚಿಟ್‌ನ ಮನೆಯ ಮಕ್ಕಳು ಪುಡಿಂಗ್ ಚಿಕ್ಕದೆಂದು ಹೇಳದೆ ತಾಯಿಯ ಮಾನ ಉಳಿಸಿದರು. ಅಂಥ ಮೌನ ಮನೆಯೊಳಗೆ ಒಪ್ಪುತ್ತದೆ. ಚರಿತ್ರೆಯಲ್ಲಿ ಮಾತ್ರ, ಯಾರ ಪಾಲು ಚಿಕ್ಕದಾಯಿತು ಎಂಬುದನ್ನು ಬಾಯಿಬಿಟ್ಟು ಹೇಳಲೇಬೇಕು.